ಹೊಟ್ಟೆ ಸೀಳಿದ ‘ಧ’ ಕಾಣುವ ಲ್ಯಾಪ್‌ಟಾಪ್

ಮೂಡಲಗಿಯ ಒಂದು ಕಂಪ್ಯೂಟರ್ ಅಂಗಡಿಯವರು ನಮ್ಮ ಸೋದರತ್ತೆ ಬಸ್ಸಿನಿಂದ ಇಳಿಯುವುದನ್ನು ಕಂಡರೆ ಶಟರ್ ಅರ್ಧಕ್ಕೆ ಇಳಿಸುತ್ತಾರೆ ಎಂದು ಜನ ಹೇಳುತ್ತಾರೆ. ಇದು ಶುದ್ಧ ಸುಳ್ಳು. ಅವರು ಪೂರ್ತಿ ಇಳಿಸುತ್ತಾರೆ. ನಾನು ಅವಳ ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಅವರನ್ನು ದೂರಿ ಉಪಯೋಗವಿಲ್ಲ. ಒಂದು ಲ್ಯಾಪ್‌ಟಾಪ್ ಆರಿಸಲು ಅತ್ತೆ ಹದಿನಾಲ್ಕು ತಿಂಗಳು ತೆಗೆದುಕೊಂಡಳು. ನಮ್ಮ ಮನೆತನದಲ್ಲಿ ಇಷ್ಟು ನಿಧಾನವಾಗಿ ಯಾವ ನಿರ್ಣಯವೂ ಆದದ್ದಿಲ್ಲ. ನನಗೆ ಹೆಣ್ಣು ನೋಡಿದ್ದು ಒಂದೇ ಮಧ್ಯಾಹ್ನ. ತಾಟಿನಲ್ಲಿದ್ದ ಅವಲಕ್ಕಿ ಮುಗಿಯುವಷ್ಟರಲ್ಲಿ ಎಲ್ಲ ಪಕ್ಕಾ ಆಗಿತ್ತು. ನನ್ನ ಹೆಂಡತಿ ಈಗಲೂ ಅದನ್ನು ನೆನೆಸಿ, ಇನ್ನೊಂದು ತಾಟು ಅವಲಕ್ಕಿ ಕೊಟ್ಟಿದ್ದರೆ ತನ್ನ ಅಪ್ಪನಿಗೆ ಯೋಚನೆ ಮಾಡಲು ವೇಳೆ ಸಿಗುತ್ತಿತ್ತು ಎನ್ನುತ್ತಾಳೆ. ಲ್ಯಾಪ್‌ಟಾಪಿಗೆ ಮಾತ್ರ ಹದಿನಾಲ್ಕು ತಿಂಗಳು, ಮೂರು ತಾಲೂಕು ಮತ್ತು ನನ್ನ ಎಲ್ಲ ಶನಿವಾರಗಳು. ನಾನು ಕುಲಗೋಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಶಾಲೆಯ ಹಾಜರಿಯನ್ನು ಆನ್‌ಲೈನಿನಲ್ಲಿ ತುಂಬುವವನೂ ನಾನೇ ಆದ್ದರಿಂದ ಮನೆಯವರ ದೃಷ್ಟಿಯಲ್ಲಿ ನಾನು ಕಂಪ್ಯೂಟರ್ ತಜ್ಞ. ಶನಿವಾರ ಶಾಲೆ ಅರ್ಧ ದಿನ. ಹೀಗೆ ಎರಡೂ ಕಡೆಯಿಂದ ಸಿಕ್ಕಿಬಿದ್ದೆ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ವಯಸ್ಸು ಅರವತ್ತೊಂದು. ಮದುವೆಯಾಗಿಲ್ಲ. ಆದರೆ ಗೋಕಾಕದ ಸುತ್ತ ಅವಳ ಕೈ ತಾಗದೆ ಮದುವೆಯಾದವರು ಕಡಿಮೆ. ಮೂವತ್ತಾರು ವರ್ಷ ಅವಳು ಊರಿನ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳನ್ನು ಕಂಪೋಜ್ ಮಾಡಿದಳು. ಮೊದಲು ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದಳು. ಆಮೇಲೆ ಕಂಪ್ಯೂಟರ್ ಬಂತು. ಎರಡರಲ್ಲೂ ಅವಳಿಗೆ ಒಂದೇ ಹೆಸರು: ಅವಳ ಕೈಯಿಂದ ಹೋದ ಪತ್ರಿಕೆಯಲ್ಲಿ ತಪ್ಪಿರುವುದಿಲ್ಲ. ಬೇರೆ ಪ್ರೆಸ್ಸಿನಲ್ಲಿ ಅಚ್ಚಾದ ಪತ್ರಿಕೆ ಹಿಡಿದು ಆಮಂತ್ರಣ ಕೊಡಲು ಬಂದವರಿಗೆ ಅವಳು ನೀರು ತರುವ ಮೊದಲು ಕೆಂಪು ಪೆನ್ನು ತರುತ್ತಿದ್ದಳು. ತಿದ್ದಿದ ಪತ್ರಿಕೆಯನ್ನು ಮದುವೆಯ ದಿನ ಆಹೇರಿಯ ದುಡ್ಡಿನ ಲಕೋಟೆಯೊಳಗೆ ಇಟ್ಟು ಹಿಂತಿರುಗಿಸುತ್ತಿದ್ದಳು. ಪತ್ರಿಕೆಯ ಕೊನೆಗೆ ‘ನಮ್ಮ ಮಾಮಾನ ಮದುವೆಗೆ ತಪ್ಪದೇ ಬರ್ರಿ’ ಎಂದು ಸಣ್ಣ ಮಕ್ಕಳ ಹೆಸರಿನಲ್ಲಿ ಹಾಕುತ್ತಾರಲ್ಲ, ಅದನ್ನು ಹಾಕಲು ಅವಳು ಆ ಮಕ್ಕಳನ್ನೇ ಪ್ರೆಸ್ಸಿಗೆ ಕರೆತರಲು ಹೇಳುತ್ತಿದ್ದಳು. ಮಾತು ಕೂಸಿನದೋ ದೊಡ್ಡವರದೋ ಎಂದು ಖಾತ್ರಿ ಮಾಡಿಕೊಳ್ಳದೆ ಅಚ್ಚಿಗೆ ಬಿಡುತ್ತಿರಲಿಲ್ಲ.

ನನ್ನ ತಂಗಿಯನ್ನು ನೋಡಲು ಬಂದ ಗಂಡಿನ ಹೆಸರು ಸಿದ್ಧಪ್ಪ. ಎಲ್ಲರೂ ಹೊಲ, ನೌಕರಿ, ಪಗಾರ ಎಂದು ವಿಚಾರಿಸುತ್ತಿದ್ದಾಗ ಅತ್ತೆ ಒಂದೇ ಪ್ರಶ್ನೆ ಕೇಳಿದಳು: ನಿಮ್ಮ ಹೆಸರಿನ ಒತ್ತಕ್ಷರಕ್ಕೆ ಹೊಟ್ಟೆ ಸೀಳಬೇಕೋ ಬೇಡವೋ? ಹುಡುಗ ಪಾಪ, ಹೇಗೆ ಬರೆದರೂ ನಡೆಯುತ್ತದೆ ಎಂದ. ಅತ್ತೆ ಒಳಗೆ ಬಂದು ನನ್ನ ತಂದೆಗೆ ಹೇಳಿದಳು:

“ತನ್ನ ಹೆಸರ ಹ್ಯಾಂಗಿದ್ರೂ ನಡಿತೈತಿ ಅನ್ನಾಂವಗ ಹೆಣತಿ ಹ್ಯಾಂಗಿದ್ರೂ ನಡಿತೈತಿ. ಕೊಡ್ರಿ, ಹುಡಿಗಿ ಸುಖದಾಗಿರತಾಳ.”

ಹದಿನೈದು ವರ್ಷವಾಯಿತು, ಸುಖವಾಗಿಯೇ ಇದ್ದಾಳೆ. ಅವನು ಮಾತ್ರ ಈಗ ಬ್ಯಾಂಕಿನಲ್ಲಿ ಸಹಿ ಮಾಡುವಾಗಲೂ ಎರಡು ಸಲ ಯೋಚಿಸಿ, ಒತ್ತಕ್ಷರದ ಹೊಟ್ಟೆಯನ್ನು ಉದ್ದಕ್ಕೆ ಸೀಳುತ್ತಾನೆ.

ಈ ಹೊಟ್ಟೆ ಸೀಳುವ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ‘ದ’ ಬರೆದು ಅದರ ಕೆಳಹೊಟ್ಟೆಗೆ ಒಂದು ಸಣ್ಣ ಸೀಳು ಕೊಟ್ಟರೆ ‘ಧ’ ಆಗುತ್ತದೆ. ಅದರೊಳಗೆ ಒಂದು ಚುಕ್ಕೆ ಇಟ್ಟರೆ ‘ಥ’. ಸಣ್ಣ ಅಕ್ಷರದಲ್ಲಿ ಈ ಸೀಳು ಕೂದಲೆಳೆಯಷ್ಟು. ನಮ್ಮ ಭಾಗದಲ್ಲಿ ಯಾರೂ ಮಾತನಾಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತ್ತೆ ಮಾತ್ರ ಮೂವತ್ತಾರು ವರ್ಷ ಆ ಕೂದಲೆಳೆಯನ್ನು ಕಾದಳು.

ಒಂದು ದಿನ ಅವಳು ಮನೆಗೆ ಬಂದು, ಪ್ರೆಸ್ಸಿನ ಮಾಲೀಕರ ಮಗ ಇನ್ನು ಮುಂದೆ ಬರೀ ಫ್ಲೆಕ್ಸ್ ಬ್ಯಾನರ್ ಹಾಕುತ್ತಾನಂತೆ, ಅಲ್ಲಿ ತನಗೆ ಕೆಲಸವಿಲ್ಲ, ಇನ್ನು ಮನೆಯಲ್ಲೇ ಕುಳಿತು ಪತ್ರಿಕೆ ಮಾಡುತ್ತೇನೆ ಎಂದಳು. ಅದಕ್ಕೊಂದು ಲ್ಯಾಪ್‌ಟಾಪ್ ಬೇಕು. ಸಾದಾ ಬೇಡ. ಒಬ್ಬಳೇ ದುಡಿದು ಒಬ್ಬಳೇ ಉಂಡವಳಿಗೆ ದುಡ್ಡಿನ ಚಿಂತೆ ಇರಲಿಲ್ಲ. ಎಲ್ಲಕ್ಕಿಂತ ಛಲೋ ಪರದೆ ಇರುವುದು ಬೇಕು ಎಂದಳು. ಅಂಥದಕ್ಕೆ ಪ್ರೀಮಿಯಂ ಅನ್ನುತ್ತಾರೆ ಎಂದೆ. ವರ್ಷ ವರ್ಷ ತುಂಬಬೇಕೇನು ಎಂದು ಕೇಳಿದಳು. ಅವಳಿಗೆ ಗೊತ್ತಿದ್ದ ಪ್ರೀಮಿಯಂ ವಿಮೆಯದು.

ಮೊದಲ ಶನಿವಾರ ಗೋಕಾಕದ ದೊಡ್ಡ ಅಂಗಡಿಗೆ ಹೋದೆವು. ಹನ್ನೆರಡು ಲ್ಯಾಪ್‌ಟಾಪುಗಳು ಸಾಲಾಗಿ ಬಾಯಿ ತೆರೆದು ಕುಳಿತಿದ್ದವು. ಒಂದರಲ್ಲಿ ನವಿಲು, ಒಂದರಲ್ಲಿ ಕೆಂಪು ಹಣ್ಣು, ಒಂದರಲ್ಲಿ ಯಾವುದೋ ದೇಶದ ಜಲಪಾತ. ಅಂಗಡಿಯ ಸೇಲ್ಸ್‌ಮನ್, ನಲವತ್ತರ ಆಸುಪಾಸಿನ ಸಾವಧಾನದ ಮನುಷ್ಯ, ಜಲಪಾತದ ಮುಂದೆ ಅತ್ತೆಯನ್ನು ನಿಲ್ಲಿಸಿ, ನೀರಿನ ಹನಿ ಹನಿ ಎಣಿಸಬಹುದು ನೋಡಿ ಎಂದ. ಅತ್ತೆ, ನಮ್ಮ ಫಾಲ್ಸ್ ಇಲ್ಲೇ ಇದೆ, ಬಸ್ಸಿಗೆ ಹೋಗಿ ಎಣಿಸುತ್ತೇನೆ ಎಂದಳು. ಅವನು ನವಿಲಿನ ಕಡೆ ತಿರುಗಿದ.

“ನವಿಲ ಬ್ಯಾಡ್ರಿ ನನಗ. ಧ ತೋರಸ್ರಿ.”

“ಯಾವ ಧ ರಿ ಅಕ್ಕಾರ?”

“ಹೊಟ್ಟಿ ಸೀಳಿದ್ದು.”

ಅವನು ನನ್ನ ಮುಖ ನೋಡಿದ. ನಾನು ಅಂಗಡಿಯ ಪಂಖ ನೋಡಿದೆ.

ಅತ್ತೆ ತನ್ನ ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಅದರಲ್ಲಿ ಒಂದೇ ಸಾಲಿನ ಒಂದು ಕಡತವಿತ್ತು: ‘ವಧು ದಡ ದಾಟಿ ರಥ ಹತ್ತಿದಳು.’ ದ, ಧ, ಥ ಮೂರೂ ಬರುವಂತೆ ಅವಳೇ ಕಟ್ಟಿದ ವಾಕ್ಯ. ಅದನ್ನು ಲಗ್ನಪತ್ರಿಕೆಯ ಸಣ್ಣ ಅಕ್ಷರದ ಅಳತೆಯಲ್ಲಿ ಹನ್ನೆರಡೂ ಲ್ಯಾಪ್‌ಟಾಪಿನಲ್ಲಿ ತೆರೆಸಿದಳು. ನವಿಲು, ಹಣ್ಣು, ಜಲಪಾತ ಎಲ್ಲ ಹೋಗಿ ಅಂಗಡಿಯ ತುಂಬ ವಧು ದಡ ದಾಟಿ ರಥ ಹತ್ತತೊಡಗಿದಳು. ಮಧ್ಯದಲ್ಲಿ ಒಳಗೆ ಬಂದ ಗಿರಾಕಿಯೊಬ್ಬ ಇದೇನು ಹೊಸ ಕಂಪನಿಯ ಜಾಹೀರಾತೇ ಎಂದು ವಿಚಾರಿಸಿದ.

ಅತ್ತೆ ಒಂದೊಂದರ ಮುಂದೆ ಬಗ್ಗಿ, ತಲೆಯನ್ನು ಎಡಕ್ಕೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು. ಹೊಳೆಯುವ ಪರದೆಯಲ್ಲಿ ಅಕ್ಷರಕ್ಕಿಂತ ಅಂಗಡಿಯ ಟ್ಯೂಬ್‌ಲೈಟ್ ಛಲೋ ಕಾಣುತ್ತದೆ ಎಂದಳು. ಹೊಳೆಯದ ಪರದೆಗೆ ಹಿಟ್ಟು ಮೆತ್ತಿದಂತಿದೆ ಎಂದಳು. ಸೇಲ್ಸ್‌ಮನ್ ಧೈರ್ಯಗೆಡದೆ, ಈ ಪರದೆ ನೂರು ಕೋಟಿ ಬಣ್ಣ ತೋರಿಸುತ್ತದೆ ಎಂದು ವಿವರಿಸಿದ. ಲಗ್ನಪತ್ರಿಕೆಗೆ ಎರಡು ಬಣ್ಣ, ಅರಿಷಿಣ ಮತ್ತು ಕುಂಕುಮ, ಉಳಿದದ್ದನ್ನು ನೀವೇ ಇಟ್ಟುಕೊಳ್ಳಿ ಎಂದು ಅತ್ತೆ ಮರ್ಯಾದೆಯಿಂದ ತಿಳಿಸಿದಳು. ಸೆಕೆಂಡಿಗೆ ನೂರಿಪ್ಪತ್ತು ಸಲ ಪರದೆ ಹೊಸದಾಗುತ್ತದೆ ಎಂದ. ಅದಕ್ಕೆ ಅವಳು ನಿಜವಾಗಿಯೂ ಬೇಸರಪಟ್ಟಳು.

“ಅಕ್ಷರ ಕುಂತಲ್ಲೇ ಕುಂತಿರಬೇಕ್ರಿ. ಅದನ್ನ ಯಾಕ ಅಷ್ಟ ಸಲ ಎಬ್ಬಸ್ತೀರಿ?”

ಪರದೆಯ ಸುತ್ತಲಿನ ಅಂಚು ಎಷ್ಟು ಸಣ್ಣದೋ ಅಷ್ಟು ಬೆಲೆ ಹೆಚ್ಚು ಎಂಬ ಸಂಗತಿ ಅವಳನ್ನು ಇನ್ನೂ ಗೊಂದಲಕ್ಕೆ ತಳ್ಳಿತು. ಇಳಕಲ್ ಸೀರೆ ಉಟ್ಟ ಹೆಂಗಸಿಗೆ, ಅಂಚು ಸಣ್ಣದಾದಷ್ಟೂ ತುಟ್ಟಿ ಎಂದು ನಂಬಿಸುವುದು ಹೇಗೆ? ಕೊನೆಗೆ ಅವನು, ಇದು ಬೆರಳಿನಿಂದ ಮುಟ್ಟಿ ನಡೆಸುವ ಪರದೆ ಎಂದು ಹೇಳಿ ಅಕ್ಷರದ ಮೇಲೆ ಬೆರಳಿಟ್ಟ. ಅತ್ತೆ ಅವನ ಕೈ ಹಿಡಿದು ಪಕ್ಕಕ್ಕೆ ಇಟ್ಟಳು. ಅಚ್ಚಿನ ಮೇಲೆ ಬೆರಳಿಟ್ಟವರನ್ನು ಅವಳು ಮೂವತ್ತಾರು ವರ್ಷದಲ್ಲಿ ಕ್ಷಮಿಸಿದ್ದಿಲ್ಲ.

ಆ ದಿನದ ತೀರ್ಪು: ಹನ್ನೆರಡರಲ್ಲಿ ಒಂದರಲ್ಲೂ ‘ಧ’ದ ಸೀಳು ಇಲ್ಲ. ನಾನು ನೋಡಿದೆ. ನನಗೆ ಹನ್ನೆರಡರಲ್ಲೂ ಕಂಡಿತು. ನಿನಗೆ ರೂಢಿ ಇಲ್ಲ, ಇರಬೇಕು ಎಂದುಕೊಂಡು ನೋಡುತ್ತೀ, ಅದಕ್ಕೇ ಕಾಣುತ್ತದೆ ಎಂದಳು. ಅವಳು ಪ್ರೂಫ್ ತಿದ್ದುವವಳು, ನಾನು ಹಾಜರಿ ತುಂಬುವವನು. ಒಪ್ಪಿದೆ.

ಮುಂದಿನ ತಿಂಗಳುಗಳಲ್ಲಿ ಪರದೆಯ ಜೊತೆಗೆ ತಂತ್ರಾಂಶದ ಆಯ್ಕೆಯೂ ಸೇರಿಕೊಂಡಿತು. ಹೋಮ್ ಬೇಕೋ ಪ್ರೊ ಬೇಕೋ ಎಂದು ಒಂದು ಅಂಗಡಿಯಲ್ಲಿ ಕೇಳಿದರು. ಮನೆಯಲ್ಲಿ ಕುಳಿತು ಮಾಡುವ ಕೆಲಸವಾದ್ದರಿಂದ ಹೋಮ್ ಸಾಕು, ಪ್ರೊ. ಅನ್ನುವುದನ್ನು ಕಾಲೇಜಿನ ಮಾಸ್ತರರ ಹೆಸರಿನ ಮುಂದೆ ಹಾಕುತ್ತಾರೆ, ಅದಕ್ಕೆ ಚುಕ್ಕೆ ಬೇಕು, ನಿಮ್ಮ ಡಬ್ಬಿಯ ಮೇಲೆ ಚುಕ್ಕೆ ಇಲ್ಲ ಎಂದಳು. ಅದೇ ಅಂಗಡಿಯಲ್ಲಿ, ಹೇಳಿದ್ದನ್ನು ತಾನೇ ಬರೆಯುವ ಬುದ್ಧಿವಂತ ತಂತ್ರಾಂಶವನ್ನು ತೋರಿಸಿದರು. ಒಂದು ಲಗ್ನಪತ್ರಿಕೆ ಬರೆ ಎಂದು ಅದಕ್ಕೆ ಹೇಳಿದ್ದೇ ತಡ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರೆದು ಮುಂದಿಟ್ಟಿತು. ನನಗೇ ಆಶ್ಚರ್ಯವಾಯಿತು. ಅತ್ತೆ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದಳು. ‘ಮದುಮಗ’ ಎಂದಿರಬೇಕಾದಲ್ಲಿ ಅದು ಬೆರಳುದ್ದದ ಅಕ್ಷರದಲ್ಲಿ ‘ಮಧುಮಗ’ ಎಂದು ಬರೆದಿತ್ತು. ಜೇನುತುಪ್ಪದ ಮಗ!

“ಇದಕ್ಕ ಬುದ್ಧಿ ಐತಿ, ಇಲ್ಲ ಅನ್ನೂದಿಲ್ಲ,” ಎಂದಳು ಅತ್ತೆ, ಮುಚ್ಚಳವನ್ನು ಮೆಲ್ಲಗೆ ಮುಚ್ಚುತ್ತ. “ಸಾಲಿ ಬಿಟ್ಟೈತಿ ಕಾಣತೈತಿ.”

ಮೂಡಲಗಿಯ ಕಥೆ ಚಿಕ್ಕದು. ಅಲ್ಲಿಯ ಅಂಗಡಿಯಲ್ಲಿ ಬೆಳಕು ಕಡಿಮೆ ಎಂದು ಅತ್ತೆ ಆ ಅಂಗಡಿಯ ಅತಿ ತುಟ್ಟಿಯ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೊರಗೆ ಬಿಸಿಲಿಗೆ ನಡೆದಳು. ಬಿಸಿಲು ಹೆಚ್ಚಾಯಿತೆಂದು ರಸ್ತೆ ದಾಟಿ ಬೇವಿನ ಮರದ ನೆರಳಿಗೆ ಹೋದಳು. ಅವಳು ದಾಟಿದ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಬಂದವು. ಈ ಕಡೆ ಮಾಲೀಕರು, ಆ ಕಡೆ ಲ್ಯಾಪ್‌ಟಾಪು, ನಡುವೆ ಏಳು ಟ್ರ್ಯಾಕ್ಟರು ಹದಿನಾಲ್ಕು ಟ್ರೇಲರು. ಅವರ ಮುಖದಲ್ಲಿ ಆಗ ಬಂದ ಬಣ್ಣಗಳನ್ನು ಯಾವ ಪರದೆಯೂ ತೋರಿಸಲಾರದು. ಅತ್ತೆ ಸುರಕ್ಷಿತವಾಗಿ ಹಿಂತಿರುಗಿ, ಬೋರ್ಡಿನ ಮೇಲೆ ‘ದುರಸ್ಥಿ’ ಎಂದು ಬರೆಸಿದ್ದೀರಿ, ಅದು ‘ದುರಸ್ತಿ’ ಆಗಬೇಕು, ದುರಸ್ತಿಯನ್ನೇ ಮೊದಲು ದುರಸ್ತಿ ಮಾಡಿಸಿ ಎಂದು ಸಲಹೆ ಕೊಟ್ಟಳು. ನೆರಳಿನಲ್ಲೂ ಸೀಳು ಕಂಡಿರಲಿಲ್ಲ. ಶಟರಿನ ಪದ್ಧತಿ ಆಮೇಲೆ ಶುರುವಾಯಿತು. ಬೋರ್ಡು ಮಾತ್ರ ಈಗ ಸರಿಯಾಗಿದೆ.

ಹನ್ನೊಂದನೆಯ ತಿಂಗಳಲ್ಲಿ ಹುಕ್ಕೇರಿಗೆ ಹೋದೆವು. ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಅಲ್ಲಿಯ ಒಂದು ಅಂಗಡಿಯಲ್ಲೇ ಕೊಳ್ಳುತ್ತಾರೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅಂಗಡಿ ನಡೆಸುತ್ತಿದ್ದವರು ಐವತ್ತರ ಒಬ್ಬ ಹೆಂಗಸು. ಗಂಡ ತೀರಿದ ಮೇಲೆ ತಾವೇ ಕೆಲಸ ಕಲಿತು ನಡೆಸಿಕೊಂಡು ಬಂದವರಂತೆ. ಅವರು ನವಿಲನ್ನೂ ತೋರಿಸಲಿಲ್ಲ, ಬಣ್ಣದ ಕೋಟಿಯನ್ನೂ ಹೇಳಲಿಲ್ಲ. ಅತ್ತೆಗೆ ಒಂದು ಖುರ್ಚಿ ಕೊಟ್ಟು, ನಿಮಗೆ ಏನು ಕಾಣಬೇಕು ಎಂದು ಕೇಳಿದರು. ಅತ್ತೆ ಪೆನ್‌ಡ್ರೈವ್ ಕೊಟ್ಟಳು. ವಧು ಮತ್ತೊಮ್ಮೆ ದಡ ದಾಟಿದಳು.

ಅತ್ತೆ ಎಂದಿನಂತೆ ತಲೆ ಓರೆ ಮಾಡಿ ನೋಡಿದಳು. ಇಲ್ಲ ಎಂದಳು. ಆ ಹೆಂಗಸು ಅಕ್ಷರವನ್ನು ಸ್ವಲ್ಪ ದೊಡ್ಡದು ಮಾಡಿದರು. ಇಲ್ಲ. ಇನ್ನೂ ದೊಡ್ಡದು. ಇಲ್ಲ. ಹೀಗೆ ಮಾಡುತ್ತ ಮಾಡುತ್ತ ಕೊನೆಗೆ ಪರದೆಯಲ್ಲಿ ಒಂದೇ ಅಕ್ಷರ ಉಳಿಯಿತು. ರೊಟ್ಟಿಯಷ್ಟು ದೊಡ್ಡ ‘ಧ’. ಅದರ ಹೊಟ್ಟೆಯ ಸೀಳಿನಲ್ಲಿ ಒಂದು ಬೆರಳು ಇಡಬಹುದಿತ್ತು.

“ಈಗ ಕಾಣಾಕತ್ತೈತಿ,” ಎಂದಳು ಅತ್ತೆ. “ಆದ್ರ ಸುತ್ತಲೂ ಮಂಜ ಐತಿ.”

ಪರದೆಯ ಮೇಲೆ ಮಂಜು ಇರಲಿಲ್ಲ. ಆ ಹೆಂಗಸು ನನ್ನ ಕಡೆ ನೋಡಿದರು. ಹನ್ನೊಂದು ತಿಂಗಳಿಂದ ಪ್ರತಿ ಶನಿವಾರ ಪಕ್ಕದಲ್ಲಿ ನಿಂತಿದ್ದ ಗಣಿತದ ಮಾಸ್ತರನಿಗೆ ಆ ಕ್ಷಣದಲ್ಲಿ ಹೊಳೆಯಿತು. ಹನ್ನೆರಡು ಲ್ಯಾಪ್‌ಟಾಪು, ಹನ್ನೆರಡೂ ಕೆಟ್ಟವು. ಮುಂದೆ ನೋಡಿದ ಮೂವತ್ತೂ ಕೆಟ್ಟವು. ಇಂಥ ಲೆಕ್ಕವನ್ನು ಒಂಬತ್ತನೆಯ ತರಗತಿಯ ಮಕ್ಕಳು ಬಿಡಿಸುತ್ತಾರೆ.

ಆ ಹೆಂಗಸು ಅತ್ತೆಯ ಪಕ್ಕದಲ್ಲಿ ಇನ್ನೊಂದು ಖುರ್ಚಿ ಎಳೆದುಕೊಂಡು ಕುಳಿತರು. “ನಮ್ಮ ಅವ್ವನ ಕಣ್ಣಿಗೂ ಹಿಂಗ ಆಗಿತ್ರಿ ಅಕ್ಕಾ,” ಎಂದರು. ಅತ್ತೆ ಪೆನ್‌ಡ್ರೈವ್ ತೆಗೆದು ಚೀಲಕ್ಕೆ ಹಾಕಿಕೊಂಡು, ಅವರಿಗೆ ಕೈಮುಗಿದು ಹೊರಗೆ ಬಂದಳು. ಬೋರ್ಡಿನ ಕಡೆ ತಲೆ ಎತ್ತಿ ನೋಡಲೂ ಇಲ್ಲ.

ಹುಕ್ಕೇರಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಘಟಪ್ರಭಾದ ಬಸ್ಸಿಗೆ ಕಾಯುತ್ತಿದ್ದೆವು. ನಾನು ಶೇಂಗಾ ಪೊಟ್ಟಣ ತಂದುಕೊಟ್ಟೆ. ಅವಳು ಅದನ್ನು ಬಿಚ್ಚದೆ ಹಿಡಿದುಕೊಂಡು, ತನಗೆ ಇದು ಮೊದಲೇ ಗೊತ್ತಿತ್ತು ಎಂದಳು.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ಪ್ರೆಸ್ಸಿನವರು ಅವಳನ್ನು ಬಿಡಿಸಿರಲಿಲ್ಲ. ಮಾಲೀಕರು, ಅವರ ಮಗ ಇಬ್ಬರೂ ಮನೆಗೆ ಬಂದು ಬೇಡಿಕೊಂಡಿದ್ದರಂತೆ. ಅವಳೇ ಬಿಟ್ಟಿದ್ದಳು. ಸುಧಾ ಎಂಬ ಹುಡುಗಿಯ ಲಗ್ನಪತ್ರಿಕೆ ಅವಳ ಕೈಯಿಂದ ‘ಸುದಾ’ ಎಂದು ಹೋಗಿತ್ತು. ಅವಳಿಗೆ ತಿಳಿದದ್ದು ಮದುವೆಯ ದಿನ, ಮಂಟಪದಲ್ಲಿ ಕುಳಿತು ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದಾಗ. ತಕ್ಷಣ ಎದ್ದು ಹೋಗಿ ಹುಡುಗಿಯ ತಂದೆಗೆ ತಪ್ಪಾಯಿತೆಂದು ಕೈಮುಗಿದಳು. ಆ ಮನುಷ್ಯ ಬಹಳ ಒಳ್ಳೆಯವನು.

“‘ಯಾರೂ ನೋಡೇ ಇಲ್ಲ ತಗೋರಿ ಅಕ್ಕಾರ, ಊಟ ಮಾಡ್ಕೊಂಡ ಹೋಗ್ರಿ’ ಅಂದ,” ಎಂದಳು ಅತ್ತೆ. “ಯಾರೂ ನೋಡೇ ಇಲ್ಲಂತ.”

ಮೂವತ್ತಾರು ವರ್ಷ ಮೂರು ತಾಲೂಕಿನ ಜನ ತನ್ನ ಅಕ್ಷರವನ್ನೇ ನೋಡುತ್ತಿದ್ದಾರೆ ಎಂದು ನಂಬಿದ ಹೆಂಗಸು ಅವಳು. ತಪ್ಪು ಮಾಡಿದ್ದಕ್ಕಿಂತ, ತಪ್ಪು ಯಾರಿಗೂ ಕಾಣದ್ದು ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು. ಅಂದು ಊಟ ಮಾಡದೆ ಬಂದಳು. ಮರುದಿನ ಪ್ರೆಸ್ಸು ಬಿಟ್ಟಳು.

ಹಾಗಾದರೆ ಡಾಕ್ಟರ ಹತ್ತಿರ ಏಕೆ ಹೋಗಲಿಲ್ಲ ಎಂದು ಕೇಳಿದೆ. ಬಹಳ ಹಿಂದೆ ಅವರ ಪ್ರೆಸ್ಸಿನ ಹಿರಿಯ ಕಂಪೋಜಿಟರ್ ಒಬ್ಬರು ಕಣ್ಣಿನ ಆಪರೇಷನ್ ಮಾಡಿಸಿಕೊಂಡರಂತೆ. ಮುಂದೆ ಅವರು ಅಕ್ಷರ ಮುಟ್ಟಲಿಲ್ಲ, ಬಾಗಿಲಲ್ಲಿ ಕುಳಿತು ಬಂದವರ ಚಪ್ಪಲಿ ಕಾಯುತ್ತಿದ್ದರು. ಅತ್ತೆಗೆ ಅಕ್ಷರ ಕೂಡಿಸಲು ಕಲಿಸಿಕೊಟ್ಟ ಗುರು ಅವರೇ.

“ಇಷ್ಟೆಲ್ಲಾ ಹೊಸಾವ ಬಂದಾವ,” ಎಂದಳು. “ಎಲ್ಲ್ಯರೆ ಒಂದ ಛಲೋ ಸ್ಕ್ರೀನ್ ಇದ್ದೀತು, ಅದರಾಗ ಕಂಡೀತು ಅನ್ಕೊಂಡಿದ್ನಿ.”

ನಾನು ಅವಳಿಗೆ ಈಗಿನ ಆಪರೇಷನ್ ಬೇರೆ, ಕಾಲು ತಾಸಿನದು, ಅಂದೇ ಮನೆಗೆ ಕಳಿಸುತ್ತಾರೆ ಎಂದೆಲ್ಲ ಹೇಳಿದೆ. ಬಸ್ಸು ಬಂತು. ಹತ್ತುವಾಗ ಅವಳು ಮೊದಲ ಸಲ ನನ್ನ ಕೈ ಹಿಡಿದು ಹತ್ತಿದಳು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿನದು ಬಲಿತಿತ್ತು. ಬೆಳಗಾವಿಯ ಡಾಕ್ಟರು ಇಷ್ಟು ದಿನ ಹೇಗೆ ನಡೆಸಿದಿರಿ ಎಂದು ಕೇಳಿದಾಗ, ಶನಿವಾರ ಶನಿವಾರ ಹೊರಗೆ ಹೋಗುತ್ತಿದ್ದೆ ಎಂದಳು. ಆಪರೇಷನ್ ಕೋಣೆಯ ಬಾಗಿಲು ಬರುವವರೆಗೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಅಲ್ಲಿಯ ನರ್ಸು ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಹೊರಗೆ ಕುಳಿತ ನನಗೂ ಕಾಲು ತಾಸು ಎಂಬುದು ಎಷ್ಟು ದೊಡ್ಡದೆಂದು ಅಂದು ಗೊತ್ತಾಯಿತು. ಇಷ್ಟು ಧೈರ್ಯ ಹೇಳಿ ಕರೆತಂದವನು ನಾನು. ಏನಾದರೂ ಹೆಚ್ಚು ಕಡಿಮೆಯಾದರೆ?

ಮರುದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಗೋಡೆಯ ಅಕ್ಷರಗಳ ಪಟವನ್ನು ತೋರಿಸಿ ಓದಲು ಹೇಳಿದರು. ಅತ್ತೆ ಪಟ ನೋಡದೆ ಪಕ್ಕಕ್ಕೆ ನೋಡುತ್ತ ಕುಳಿತಳು. ಡಾಕ್ಟರು ಇನ್ನೊಮ್ಮೆ ಕೇಳಿದರು. ಅವಳು ಬಾಗಿಲ ಹೊರಗೆ, ಎದುರು ಗೋಡೆಗೆ ಅಂಟಿಸಿದ್ದ ಕಾಗದದ ಕಡೆ ಬೆರಳು ಮಾಡಿದಳು. ಅಲ್ಲಿ ‘ಚಪ್ಪಲಿಗಳನ್ನು ಹೊರಗೆ ಬೀಡಿ’ ಎಂದು ಬರೆದಿತ್ತು.

“ಚಪ್ಪಲಿ ಹೊರಗ ಬಿಟ್ಟೇನ್ರಿ ಡಾಕ್ಟರ. ಬೀಡಿ ನಾ ಸೇದೂದಿಲ್ಲ.”

ಆಪರೇಷನ್ ಯಶಸ್ವಿಯಾಗಿದೆ ಎಂದು ಡಾಕ್ಟರು ಕಾಗದದಲ್ಲಿ ಬರೆದರು. ಅದರಲ್ಲೂ ಒಂದು ತಪ್ಪಿತ್ತಂತೆ, ಇಂಗ್ಲಿಷಾದ್ದರಿಂದ ಬಿಟ್ಟುಕೊಟ್ಟಳು.

ಎರಡನೆಯ ಕಣ್ಣೂ ಮುಗಿದು, ಹನಿ ಹಾಕುವ ದಿನಗಳು ಮುಗಿದ ಮೇಲೆ ಮತ್ತೆ ಹುಕ್ಕೇರಿಗೆ ಹೋದೆವು. ಪೆನ್‌ಡ್ರೈವ್ ತಂದಿದ್ದೀಯಾ ಎಂದು ದಾರಿಯಲ್ಲಿ ಕೇಳಿದೆ. ಇನ್ನು ಅದೇಕೆ ಎಂದಳು. ಆ ಹೆಂಗಸು ಅತ್ತೆಯನ್ನು ಕಂಡು ಎದ್ದು ಬಂದರು. ಇಬ್ಬರೂ ಕೈ ಹಿಡಿದುಕೊಂಡರು. ಆಮೇಲೆ ಅತ್ತೆ, ನಿಮಗೆ ಯಾವುದು ಛಲೋ ಅನಿಸುತ್ತದೋ ಅದನ್ನು ಕೊಡಿ ಎಂದಳು. ಹದಿನಾಲ್ಕು ತಿಂಗಳ ಶೋಧ ಹತ್ತು ನಿಮಿಷದಲ್ಲಿ ಮುಗಿಯಿತು. ಹೊಳೆಯದ ಪರದೆಯದು, ಸಾಧಾರಣ ಅಂಚಿನದು, ಹೋಮ್ ತಂತ್ರಾಂಶದ್ದು. ಅವಳ ಬೆರಳಿಗೆ ರೂಢಿಯಾದ ಕನ್ನಡ ಕೀಲಿಮಣೆಯನ್ನು ಅಲ್ಲೇ ಹಾಕಿಕೊಟ್ಟರು.

ಎಲ್ಲ ಸರಿಯಿದೆಯೇ ಎಂದು ನೋಡಲು ಆ ಹೆಂಗಸು ಒಂದೊಂದೇ ಚಾಲೂ ಮಾಡಿ ತೋರಿಸುತ್ತಿದ್ದರು. ಕ್ಯಾಮೆರಾ ಚಾಲೂ ಮಾಡಿದಾಗ ಪರದೆಯ ಮೇಲೆ ನಾವಿಬ್ಬರೂ ಮೂಡಿದೆವು, ಖುರ್ಚಿಯ ಮೇಲೆ ಅತ್ತೆ, ಅವಳ ಹಿಂದೆ ನಾನು. ಅತ್ತೆ ಪರದೆಯನ್ನು ಬಹಳ ಹೊತ್ತು ನೋಡಿದಳು. ಈಗ ಇದರಲ್ಲಿ ಏನು ತಪ್ಪು ಹುಡುಕುತ್ತಾಳೋ ಎಂದುಕೊಂಡೆ. ಅವಳು ಪರದೆ ಬಿಟ್ಟು ಹಿಂದಕ್ಕೆ ತಿರುಗಿ ನನ್ನ ಮುಖವನ್ನೇ ನೋಡಿದಳು. ಆಪರೇಷನ್ ಆದಾಗಿನಿಂದ ಅವಳಿಗೆ ಗೋಡೆ, ಬೋರ್ಡು, ಔಷಧದ ಡಬ್ಬಿ ಎಲ್ಲ ಓದಿ ಓದಿ ಪುರುಸೊತ್ತೇ ಆಗಿರಲಿಲ್ಲ.

“ತಲಿ ಇಷ್ಟ ಬೆಳ್ಳಗ ಯಾವಾಗ ಆತೋ?”

ಬಹಳ ದಿನವಾಯಿತು ಎಂದೆ.

“ಗಲ್ಲ ಯಾಕ ಒಳಗ ಹೋಗ್ಯಾವ?”

ನಾನು ಹಾರಿಸಿ ಉತ್ತರ ಕೊಡಬೇಕೆಂದಿದ್ದೆ. ಆದರೆ ಆ ಕಣ್ಣಿನ ಮುಂದೆ ಆಗಲಿಲ್ಲ. ಒಂದೂವರೆ ವರ್ಷದಿಂದ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿದೆ. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೆದರುವಂಥದ್ದೇನಿಲ್ಲ, ಗುಳಿಗೆ ತಗೊಳ್ಳುತ್ತಿದ್ದೇನೆ ಎಂದೂ ಸೇರಿಸಿದೆ.

ಅತ್ತೆ ಗಡಿಯಾರ ನೋಡಿದಳು. ಎರಡು ಗಂಟೆ ದಾಟಿತ್ತು.

“ಪ್ರತಿ ಶನಿವಾರ ಸಾಲಿ ಬಿಟ್ಟ ಕೂಡ್ಲೇ ಹಂಗ ಬರತಿದ್ದಿ,” ಎಂದಳು. “ಉಂಡಿ ಏನು ಅಂತ ಒಂದಿನ ಕೇಳ್ಲಿಲ್ಲ ನಾ.”

ಲ್ಯಾಪ್‌ಟಾಪಿನ ಡಬ್ಬಿಯನ್ನು ಆ ಹೆಂಗಸಿನ ಕೈಗೆ ಕೊಟ್ಟು, ಆಮೇಲೆ ಬಂದು ಒಯ್ಯುತ್ತೇವೆ ಎಂದಳು. ನನ್ನ ತೋಳು ಹಿಡಿದು ರಸ್ತೆ ದಾಟಿಸಿ ಎದುರಿನ ಖಾನಾವಳಿಗೆ ಕರೆದುಕೊಂಡು ಹೋದಳು. ನಾನು ನಲವತ್ತೊಂಬತ್ತು ವರ್ಷದವನು, ಎರಡು ಮಕ್ಕಳ ತಂದೆ. ತಾಟು ಬಂದಾಗ ಅನ್ನವನ್ನು ಪಕ್ಕಕ್ಕೆ ಸರಿಸಿದಳು. ಜೋಳದ ರೊಟ್ಟಿಯನ್ನು ಸಣ್ಣ ಸಣ್ಣ ತುಣುಕು ಮಾಡಿ, ಪಲ್ಯದ ಹತ್ತಿರ ಸಾಲಾಗಿ ಇಟ್ಟಳು.

“ಉಣ್ಣು,” ಎಂದಳು.

ನಾನು ಉಂಡೆ. ಅವಳು ತನ್ನ ತಾಟು ಮುಟ್ಟದೆ, ಗಲ್ಲಕ್ಕೆ ಕೈಯೂರಿ, ನಾನು ಒಂದೊಂದು ತುತ್ತು ಎತ್ತುವುದನ್ನು ನೋಡುತ್ತ ಕುಳಿತಳು.